‘ಬ್ರೇಜನ್’ ಪದಕ್ಕೆ ‘ಧೈರ್ಯದ’ ಅಂತ ಬರೆಯಬಹುದೇ?

ಪ್ರಶ್ನೆ: ಇಂಗ್ಲಿಷ್ ಸುದ್ದಿಗಳನ್ನು ಕನ್ನಡಕ್ಕೆ ತರುವಾಗ ‘ಬ್ರೇಜನ್’ ಪದೇ ಪದೇ ಎದುರಾಗುತ್ತದೆ. ‘ಬ್ರೇಜನ್ ಡೇಲೈಟ್ ರಾಬರಿ’ಗೆ ‘ಧೈರ್ಯದ ಹಗಲು ದರೋಡೆ’ ಸರಿಯೇ? ‘ಬ್ಲೇಟಂಟ್’ ಅಂದರೂ ಇದೇ ಅರ್ಥವೇ?

ಉತ್ತರ (ಅನುವಾದಕರು): ‘ಧೈರ್ಯ’ ಬೇಡವೇ ಬೇಡ. ಅದು ಹೊಗಳಿಕೆ, ಬ್ರೇಜನ್ ತೆಗಳಿಕೆ. ಮಾಡುತ್ತಿರುವುದು ತಪ್ಪೆಂದು ಮಾಡುವವನಿಗೆ ಗೊತ್ತಿರಬೇಕು, ಅದನ್ನು ಮುಚ್ಚಿಡುವ ಗೋಜಿಗೂ ಅವನು ಹೋಗಿರಬಾರದು. ಎರಡೂ ಕೂಡಿದರೆ ಮಾತ್ರ ಈ ಪದ ಒಪ್ಪುತ್ತದೆ. ನಡುರಾತ್ರಿ ಕದ್ದುಮುಚ್ಚಿ ಕನ್ನ ಹಾಕಿದರೆ ಅದು ಬರೀ ಕಳ್ಳತನ. ಜನ ನೋಡುತ್ತಿರುವಾಗಲೇ, ಸಿಸಿಟಿವಿ ಕ್ಯಾಮೆರಾ ಎದುರೇ ಸರ ಕಿತ್ತರೆ ಬ್ರೇಜನ್. ನಿಮ್ಮ ಸಾಲಿಗೆ ‘ಹಾಡಹಗಲೇ ರಾಜಾರೋಷವಾಗಿ ದರೋಡೆ’ ಸಾಕು.

ವ್ಯಕ್ತಿಯ ಬಗ್ಗೆ ಹೇಳುವಾಗ ‘ಭಂಡ’ ಅನ್ನುವಷ್ಟು ಚೆನ್ನಾಗಿ ಹೊಂದುವ ಪದ ಇನ್ನೊಂದಿಲ್ಲ. ‘ನಿರ್ಲಜ್ಜ’ ತಪ್ಪಲ್ಲ, ಆದರೆ ಗ್ರಾಂಥಿಕ. ‘ಬ್ರೇಜನ್ ಇಟ್ ಔಟ್’ ಎಂಬ ನುಡಿಗಟ್ಟಿನಲ್ಲಿ ಇದೇ ಪದ ಕ್ರಿಯಾಪದವಾಗುತ್ತದೆ: ಸಿಕ್ಕಿಬಿದ್ದರೂ ಏನೂ ಆಗಿಲ್ಲವೆಂಬಂತೆ ಭಂಡತನದಿಂದ ದಕ್ಕಿಸಿಕೊಳ್ಳುವುದು.

ಪದದ ಮೂಲಾರ್ಥ ಹಿತ್ತಾಳೆಯದು ಎಂದು. ನಾಚಿ ಕೆಂಪೇರದ ಲೋಹದ ಮುಖ ಎಂಬ ಭಾವ 16ನೇ ಶತಮಾನದ ಹೊತ್ತಿಗೆ ಬಳಕೆಗೆ ಬಂತು.

ಮತ್ತೊಬ್ಬ ಸದಸ್ಯರು (ಇಂಗ್ಲಿಷ್ ಅಧ್ಯಾಪಕರು): ಬ್ಲೇಟಂಟ್ ಬಗ್ಗೆ ಸೇರಿಸುತ್ತೇನೆ. ಬ್ರೇಜನ್ ಮಾಡಿದವನ ಲಜ್ಜೆಗೇಡಿತನವನ್ನು ತೋರಿಸಿದರೆ, ಬ್ಲೇಟಂಟ್ ತಪ್ಪು ಎಷ್ಟು ಕಣ್ಣಿಗೆ ರಾಚುತ್ತದೆ ಎಂಬುದನ್ನು ಹೇಳುತ್ತದೆ. ‘ಬ್ಲೇಟಂಟ್ ಲೈ’ ಅಂದರೆ ಹಸಿ ಸುಳ್ಳು. ಎಂಥವರಿಗೂ ಸುಳ್ಳೆಂದು ಗೊತ್ತಾಗುವಂಥದ್ದು. ‘ಬ್ರೇಜನ್ ಲೈ’ ಅಂದರೆ ಕಣ್ಣಲ್ಲಿ ಕಣ್ಣಿಟ್ಟು, ಅಳುಕಿಲ್ಲದೆ ಹೇಳಿದ ಸುಳ್ಳು. ಒಂದೇ ಸುಳ್ಳು ಎರಡೂ ಆಗಿರಬಹುದು, ಯಾವುದರ ಮೇಲೆ ಒತ್ತು ಕೊಡುತ್ತೀರಿ ಎಂಬುದೇ ಪ್ರಶ್ನೆ. ನಿಯಮ, ಕಾನೂನು, ಹಕ್ಕುಗಳ ಉಲ್ಲಂಘನೆಗೆ ‘ಫ್ಲೇಗ್ರಂಟ್’ ಹೆಚ್ಚು ರೂಢಿ.

ಪ್ರಶ್ನೆ: ಹಾಗಾದರೆ ‘ಬ್ರೇಜನ್ ಮಿಸ್ಟೇಕ್’?

ಉತ್ತರ (ಅಧ್ಯಾಪಕರು): ಕೂಡದು. ಮಿಸ್ಟೇಕ್ ಎಂದರೆ ಗೊತ್ತಿಲ್ಲದೆ ಆದ ತಪ್ಪು. ಗೊತ್ತಿಲ್ಲದ್ದರಲ್ಲಿ ಭಂಡತನ ಎಲ್ಲಿಂದ ಬರಬೇಕು? ಎದ್ದು ಕಾಣುವ ತಪ್ಪಿಗೆ ‘ಗ್ಲೇರಿಂಗ್’ ಬಳಸಿ. ವಿದ್ಯಾರ್ಥಿಗಳು ‘ಬ್ರೇಜನ್ ಆಫೀಸರ್’ ಎಂದು ಮೆಚ್ಚುಗೆಯಿಂದ ಬರೆಯುವುದೂ ಉಂಟು. ಅಲ್ಲಿ ‘ಬೋಲ್ಡ್’ ಬೇಕು, ಇಲ್ಲವಾದರೆ ಪ್ರಾಮಾಣಿಕ ಅಧಿಕಾರಿಯನ್ನೇ ನಾಚಿಕೆಗೆಟ್ಟವರೆಂದು ಕರೆದಂತಾಗುತ್ತದೆ. ಮೆಚ್ಚುಗೆ, ಆಕ್ಷೇಪ ಎರಡಕ್ಕೂ ಒಗ್ಗುವುದು ‘ಆಡೇಶಸ್’.

ಅನುವಾದಕರು: ಉಚ್ಚಾರದಲ್ಲಿ ಒತ್ತು ‘ಬ್ರೇ’ ಮೇಲೆ. ಹಿತ್ತಾಳೆಯ ‘ಬ್ರಾಸ್’ ನೆನಪಾಗಿ ‘ಬ್ರಾಜನ್’ ಅನ್ನಬೇಡಿ. ‘ಬ್ರೇಜನ್ಲಿ’ ಬಂದ ಕಡೆ ‘ರಾಜಾರೋಷವಾಗಿ’ ಅಥವಾ ‘ಎಗ್ಗಿಲ್ಲದೆ’ ಹಾಕಿ.