ಚಾಲಿ (ಒಣಗಿಸಿದ ಅಡಿಕೆ) ಸುಲಿಯೋ ಮಷಿನ್ ಮುಟ್ಟಿದ್ರೆ ‘ಚಟ್’ ಅಂತ ಹೊಡೆಯುತ್ತೆ: ಲೀಕೇಜಾ, ಸ್ಟ್ಯಾಟಿಕ್ಕಾ?

ಸಾಗರದ_ತೋಟ:
1 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್, ಚಪ್ಪಟೆ ರಬ್ಬರ್ ಬೆಲ್ಟ್. ಮೋಟಾರಿಗೆ ಮೂರು ಪಿನ್ನಿನ ಪ್ಲಗ್ ಇದೆ. ಮಷಿನ್ನಿನ ಫ್ರೇಮ್ ಮಾತ್ರ ಬೇರೆ, ಮರದ ಹಲಗೆ ಮೇಲೆ ರಬ್ಬರ್ ಬುಷ್ ಇಟ್ಟು ಕೂರಿಸಿದ್ದು. ಮಳೆಗಾಲದಲ್ಲಿ ಏನೂ ಇಲ್ಲ. ಫೆಬ್ರುವರಿ ಬಂತೆಂದರೆ ಬೆಳಗ್ಗೆ ಸರಿ ಇರುತ್ತೆ, ಬಿಸಿಲೇರಿದ ಮೇಲೆ ಅಡಿಕೆ ಸುರಿಯೋ ಬಾಯಿ ಮುಟ್ಟಿದ್ರೆ ಹೊಡೆಯುತ್ತೆ. ಅರ್ಥ್ ಗುಂಡಿ ಹೊಸದು ತೆಗೆಸಬೇಕಾ? ಕಳೆ ಕೊಚ್ಚೋ ಮಷಿನ್ನಿಗೆ ಪೆಟ್ರೋಲಿಗೆ ಆಯಿಲ್ ಬೆರೆಸೋದೂ ಅಲ್ಲೇ ಪಕ್ಕದಲ್ಲಿ.

ಶಿವಮೊಗ್ಗ_ವೈಂಡಿಂಗ್:
ಲಕ್ಷಣ ಎಲ್ಲಾ ಸ್ಟ್ಯಾಟಿಕ್‌ದೇ, ಅಂದ್ರೆ ಉಜ್ಜಾಟದಿಂದ ಹುಟ್ಟೋ ಸ್ಥಿರ ವಿದ್ಯುತ್ತಿನದೇ. ಆದ್ರೂ ಲೀಕೇಜ್ (ಕರೆಂಟ್ ಬಾಡಿಗೆ ಸೋರೋದು) ಅಲ್ಲ ಅನ್ನೋದು ಮೊದಲು ಖಾತ್ರಿಯಾಗಲಿ, ಜೀವ ತೆಗೆಯೋದು ಅದು. ಸ್ಟ್ಯಾಟಿಕ್ ಒಂದೇ ಸಲ ಚಟ್ ಅಂದು ಮುಗಿಯುತ್ತೆ, ಮತ್ತೆ ತುಂಬಿಕೊಳ್ಳೋಕೆ ಬೆಲ್ಟ್ ಓಡಬೇಕು. ಲೀಕೇಜ್ ಆದ್ರೆ ಮುಟ್ಟಿರುವಷ್ಟು ಹೊತ್ತೂ ಜುಂ ಅಂತಿರುತ್ತೆ. ಹಾಗಂತ ಕೈಯಿಟ್ಟು ನೋಡಬೇಡಿ. ಟೆಸ್ಟರಿನ ಮಂದ ಬೆಳಕನ್ನೂ ನಂಬಬೇಡಿ, ಅರ್ಥ್ ಇಲ್ಲದ ಕಬ್ಬಿಣ ಪಕ್ಕದ ವೈರಿನಿಂದಲೇ ಅಷ್ಟು ತೋರಿಸುತ್ತೆ. ಪ್ಲಗ್ ಕಿತ್ತು, 500 ವೋಲ್ಟ್ ಮೆಗ್ಗರಿನಲ್ಲಿ (ಇನ್ಸುಲೇಷನ್ ಅಳೆಯೋ ಮೀಟರ್) ವೈಂಡಿಂಗ್‌ಗೂ ಮೋಟಾರ್ ಬಾಡಿಗೂ ನಡುವೆ ಅಳೆಸಿ. 1 ಮೆಗಾಓಮ್‌ಗಿಂತ ಕಮ್ಮಿ ಬಂದ್ರೆ ಮೋಟಾರ್ ಬಿಚ್ಚಲೇಬೇಕು.

ಬೆಲ್ಟ್_ಪುಲ್ಲಿ:
ಮೆಗ್ಗರ್ ಚೆನ್ನಾಗಿ ಬಂತು ಅಂತಿಟ್ಕೊಳ್ಳಿ. ತಪ್ಪಿರೋದು ಆ ರಬ್ಬರ್ ಬುಷ್‌ನಲ್ಲಿ. ಮೋಟಾರಿಗೆ ಅರ್ಥ್ ಇದೆ, ಫ್ರೇಮಿಗೆ ಇಲ್ಲ. ಬೆಲ್ಟ್ ಪುಲ್ಲಿಯಿಂದ ಬಿಡಿಸಿಕೊಳ್ಳುವಾಗ ಹುಟ್ಟೋ ಚಾರ್ಜಿಗೆ ಹೋಗೋ ದಾರಿ ಇಲ್ಲದೆ ಫ್ರೇಮಿನಲ್ಲೇ ಕೂರುತ್ತೆ. 2.5 ಸ್ಕ್ವೇರ್ ಎಂಎಂ ತಾಮ್ರದ ವೈರನ್ನ ಫ್ರೇಮಿಂದ ಮೋಟಾರಿನ ಅರ್ಥ್ ಬೋಲ್ಟಿಗೆ ಎಳೀರಿ. ಎರಡೂ ಕಡೆ ಪೇಂಟ್ ಕೆರೆದು ಹೊಳೆಯೋ ಕಬ್ಬಿಣ ಕಾಣಬೇಕು, ಹಲ್ಲಿನ ವಾಷರ್ ಹಾಕಿ ಬಿಗಿಯಿರಿ. ಪೇಂಟ್ ಮೇಲೇ ಸುತ್ತಿ ಬಿಟ್ಟಿದ್ದೇ ಹೆಚ್ಚು ಕಡೆ ಕಾಣೋದು.

ಇಷ್ಟಾದ್ರೂ ಬೆಲ್ಟಿನ ಮೇಲಿನ ಚಾರ್ಜ್ ಹಾಗೇ ಇರುತ್ತೆ, ರಬ್ಬರಿನಲ್ಲಿ ಅದು ಹರಿಯಲ್ಲ. ತಾಮ್ರದ ಎಳೆಗಳನ್ನ ಬಾಚಣಿಗೆ ಥರ ಒಂದು ಪಟ್ಟಿಗೆ ಕೂರಿಸಿ, ಬೆಲ್ಟಿನ ಒಳಮುಖಕ್ಕೆ, ಪುಲ್ಲಿ ಬಿಟ್ಟ ಮೇಲೆ 10–15 ಸೆಂ.ಮೀ. ದೂರದಲ್ಲಿ ಹಿಡಿಸಿ. ಎಳೆ ತುದಿಗೂ ಬೆಲ್ಟಿಗೂ ಸುಮಾರು 6 ಮಿ.ಮೀ. ಸಂದು, ತಾಗಿದ್ರೆ ಎಳೆ ಸವೆದು ಉದುರುತ್ತೆ. ಪಟ್ಟಿಯಿಂದ ಅದೇ ಅರ್ಥಿಗೆ ವೈರ್ ಕೊಡಿ. ಬೆಲ್ಟ್ ಜಾರ್ತಿದ್ರೆ ಬಿಗಿ ಮಾಡಿ, ಜಾರಿದಷ್ಟೂ ಚಾರ್ಜ್ ಜಾಸ್ತಿ. ಗಾಳಿಯ ತೇವ ಶೇ. 60 ದಾಟಿದ್ರೆ ಸ್ಟ್ಯಾಟಿಕ್ ಬಹುಪಾಲು ಇಳಿಯುತ್ತೆ ಅಂತ ನೆಲಕ್ಕೆ ನೀರು ಚಿಮುಕಿಸೋರಿದ್ದಾರೆ. ಒಣಗಿದ ಚಾಲಿ ಇರೋ ಜಾಗದಲ್ಲಿ ಅದು ಬೇಡ ಮಾರಾಯ್ರೆ, ಬೂಸಲು ಹಿಡಿದ್ರೆ ರೇಟೇ ಹೋಯ್ತು.

ಸಾಗರದ_ತೋಟ:
ಹಾಗಾದ್ರೆ ಹೊಸ ಗುಂಡಿ ಬೇಡ್ವಾ?

ಶಿವಮೊಗ್ಗ_ವೈಂಡಿಂಗ್:
ಸ್ಟ್ಯಾಟಿಕ್ಕಿಗೆ ಬೇಡ. ಅದಕ್ಕೆ 1 ಮೆಗಾಓಮ್ ತಡೆ ಇರೋ ದಾರಿ ಇದ್ರೂ ಸಾಕು, ಎಂಥ ಹಾಳು ಗುಂಡಿಯೂ ನಡೆಯುತ್ತೆ. ಮೋಸ ಇರೋದೇ ಇಲ್ಲಿ. ‘ಚಟ್’ ನಿಂತಿತು ಅಂದ ಮಾತ್ರಕ್ಕೆ ಅರ್ಥ್ ಚೆನ್ನಾಗಿದೆ ಅಂತಲ್ಲ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಗುಂಡಿಯ ತಡೆ 50 ಓಮ್ ಆಯ್ತು ಅನ್ನಿ. ಫೇಸ್ ಬಾಡಿಗೆ ತಾಗಿದ್ರೂ ಹರಿಯೋದು 230 ಭಾಗಿಸು 50, ಅಂದ್ರೆ 4.6 ಆಂಪ್ಸ್. 16 ಆಂಪ್ಸ್‌ನ ಎಂಸಿಬಿ (ಕರೆಂಟ್ ಜಾಸ್ತಿಯಾದ್ರೆ ತಾನೇ ಬೀಳೋ ಸ್ವಿಚ್) ಕದಲೋದೂ ಇಲ್ಲ. 30 ಮಿಲಿಆಂಪ್ಸ್‌ನ ಆರ್‌ಸಿಸಿಬಿ (ಅರ್ಥಿಗೆ ಸ್ವಲ್ಪ ಸೋರಿದ್ರೂ ಲೈನ್ ಕಡಿಯೋ ಸ್ವಿಚ್) ಹಾಕಿಸಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ. ಗುಂಡಿ ತೆಗೆಸೋದೇ ಆದ್ರೆ ಬಚ್ಚಲ ನೀರು ಹೋಗೋ ಕಡೆ ತೆಗೆಸಿ.

ಪಂಪ್_ಸ್ಪ್ರೇ_ರಿಪೇರಿ:
ಪೆಟ್ರೋಲ್ ವಿಷಯ ಯಾರೂ ಎತ್ತಲಿಲ್ಲ. ಮೈಯಲ್ಲಿ 8,000 ವೋಲ್ಟ್ ತುಂಬಿದ್ರೆ ಕಿಡಿಯ ಶಕ್ತಿ ಹತ್ತಿರ ಹತ್ತಿರ 5 ಮಿಲಿಜೂಲ್. ಪೆಟ್ರೋಲ್ ಆವಿ ಹೊತ್ತಿಕೊಳ್ಳೋಕೆ 0.25 ಮಿಲಿಜೂಲ್ ಸಾಕು. 3,000 ವೋಲ್ಟಿನ ಒಳಗಿನದು ಬೆರಳಿಗೆ ಗೊತ್ತೂ ಆಗಲ್ಲ, ಆದ್ರೂ ಅದು ಸಾಲುತ್ತೆ. ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದು ಸಿಪ್ಪೆ ರಾಶಿ ತನಕ ಹೋಗುತ್ತೆ. ಬೆರೆಸೋದನ್ನ ಇವತ್ತೇ ಹೊರಗೆ, ಬಯಲಿಗೆ ಸಾಗಿಸಿ.

ಬೆರೆಸೋ ಮುಂಚೆ ನೆಲಕ್ಕೆ ಹೂತ ಕಬ್ಬಿಣದ ಕಂಬ ಮುಟ್ಟಿ. ತಗಡಿನ ಡಬ್ಬಿ ನೆಲದ ಮೇಲಿರಲಿ, ತಗಡಿನ ಆಲಿಕೆ ಡಬ್ಬಿ ಬಾಯಿಗೆ ತಾಗಿರಲಿ, ನಿಧಾನ ಸುರೀರಿ. ಪೆಟ್ರೋಲ್–ಆಯಿಲ್ 50:1 ಆದ್ರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಆಯಿಲ್. ಬಂಕಿನಲ್ಲೂ ಅಷ್ಟೇ, ಪಿಕಪ್ಪಿನ ರಬ್ಬರ್ ಮ್ಯಾಟ್ ಮೇಲೆ ಕ್ಯಾನ್ ಇಟ್ಟು ತುಂಬಿಸಬೇಡಿ, ಇಳಿಸಿ ನೆಲಕ್ಕಿಡಿ. ನೀರಿನ ಪ್ಲಾಸ್ಟಿಕ್ ಬಾಟ್ಲಿಯನ್ನ ಪಾಲಿಯೆಸ್ಟರ್ ಶರ್ಟಿಗೆ ಉಜ್ಜಿ ಒರೆಸಿ ಅದರಲ್ಲಿ ಪೆಟ್ರೋಲ್ ಹಿಡಿಯೋದಂತೂ ಬೇಡವೇ ಬೇಡ.