ನೀರಿನಲ್ಲಿ ಮುಳುಗಿದ ಕಾರಿಗೆ ‘ಜೀರ್ಣೋದ್ಧಾರ’ ಎನ್ನಬಹುದೇ? (ಶುಕ್ರವಾರದೊಳಗೆ ಬೇಕು)

ದಾವಣಗೆರೆಯಿಂದ:

ಬಳಗದ ಹಿರಿಯರಿಗೆ ವಂದನೆಗಳು. ಹದಡಿ ರಸ್ತೆಯಲ್ಲಿ ನನ್ನ ಸೋದರಳಿಯ ಒಂದು ಸಣ್ಣ ಶೆಡ್ ಹಾಕಿಕೊಂಡಿದ್ದಾನೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬಡಾವಣೆಗಳಿಗೆ ನೀರು ನುಗ್ಗಿದಾಗ ಬೇಸ್‌ಮೆಂಟಿನಲ್ಲಿ ನಿಂತಲ್ಲೇ ಮುಳುಗಿದ ಸ್ವಿಫ್ಟ್ ಕಾರೊಂದನ್ನು, ವಿಮೆಯವರು ಪೂರ್ಣನಷ್ಟವೆಂದು ಬರೆದು ಕೈಬಿಟ್ಟ ಮೇಲೆ, ಅವನು ಗುಜರಿಯ ಬೆಲೆಗೆ ಕೊಂಡು ತಂದ. ಎರಡು ವರ್ಷ ಅದು ಬೇವಿನ ಮರದ ಕೆಳಗೆ ಇಲಿಗಳಿಗೆ ಮನೆಯಾಗಿತ್ತು. ಈಗ ಅದನ್ನು ಪೂರ್ತಿಯಾಗಿ ಬಿಚ್ಚಿ, ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಂತಹ ಟ್ರ್ಯಾಕುಗಳಲ್ಲಿ ಹವ್ಯಾಸಿಯಾಗಿ ಓಡಿಸುವುದಕ್ಕೆ ತಕ್ಕ ಹಾಗೆ ಸಿದ್ಧಪಡಿಸುತ್ತಿದ್ದಾನೆ. ಇದನ್ನು ನೋಡಿ ಇನ್ನಿಬ್ಬರು ತಮ್ಮ ಮುಳುಗಿದ ಕಾರುಗಳನ್ನೂ ತಂದು ನಿಲ್ಲಿಸಿರುವುದರಿಂದ ಶೆಡ್ಡಿಗೊಂದು ಬೋರ್ಡ್ ಬೇಕಾಗಿದೆ.

ನನಗೆ ಬೇಕಾಗಿರುವುದು ಎರಡು. ಮೊದಲನೆಯದು, ಬೋರ್ಡಿನ ಮೇಲೆ ಈ ಕೆಲಸವನ್ನು ಏನೆಂದು ಕರೆಯಬೇಕೆಂಬುದು. ಆರು ಅಡಿ ಉದ್ದದ ತಗಡು, ಒಂದೇ ಸಾಲು. ಬರೆಯುವವರು ಶುಕ್ರವಾರ ಬೆಳಿಗ್ಗೆ ಬರುತ್ತಾರೆ. ಎರಡನೆಯದು, ಕೆಲಸ ಕಲಿಯಲು ಬಂದಿರುವ ಇಬ್ಬರು ಹುಡುಗರಿಗಾಗಿ ಗೋಡೆಗೆ ಅಂಟಿಸುವ ಹಾಳೆಯಲ್ಲಿ ಹೈಡ್ರೋಲಾಕ್ ಎಂಬುದಕ್ಕೆ ಒಂದು ಕನ್ನಡ ಮಾತು. ಗಾಳಿ ಎಳೆದುಕೊಳ್ಳುವ ಕೊಳವೆಯಿಂದ ನೀರು ಸಿಲಿಂಡರಿಗೆ ಇಳಿದಿದ್ದರೆ, ನೀರು ಗಾಳಿಯಂತೆ ಒತ್ತಿದಷ್ಟೂ ಕುಗ್ಗುವ ವಸ್ತುವಲ್ಲವಾದ್ದರಿಂದ, ಸೆಲ್ಫ್ ಹೊಡೆದೊಡನೆ ಪಿಸ್ಟನ್ ಮೇಲೇರಲಾಗದೆ ಕನೆಕ್ಟಿಂಗ್ ರಾಡ್ ಬಾಗಿಬಿಡಬಹುದು. ಮೊದಲು ಪ್ಲಗ್ ಬಿಚ್ಚಿ ನೀರು ಹೊರಗೆ ಹಾಕಬೇಕೆಂಬುದನ್ನು ಹುಡುಗರಿಗೆ ಒಂದು ಪದದಲ್ಲಿ ನೆನಪಿಸುವಂತಿರಬೇಕು.

ಚಿತ್ರದುರ್ಗದಿಂದ:

ಪದ ಎಂಟು ನೂರು ವರ್ಷಗಳಿಂದ ಸಿದ್ಧವಾಗಿದೆ. ತಾವು ಹುಡುಕುವ ಅಗತ್ಯವೇ ಇರಲಿಲ್ಲ. ತಮ್ಮ ಊರಿನ ಪಕ್ಕದ ಹರಿಹರೇಶ್ವರ ದೇಗುಲವನ್ನು ಪೋಲಾಳ್ವ ದಂಡನಾಯಕ 1224ರಲ್ಲಿ ಕಟ್ಟಿಸಿದನಷ್ಟೆ. ಆ ಕಾಲದ ದತ್ತಿಶಾಸನಗಳನ್ನು ತೆರೆದರೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಕಾಣುತ್ತದೆ. ಒಡೆದದ್ದು, ಬಿರಿದದ್ದು, ಸವೆದದ್ದು ಎಲ್ಲವೂ ಅದರಲ್ಲಿ ಅಡಕವಾಗಿವೆ. ಉದ್ಧಾರವೆಂಬುದು ಉತ್ ಎಂಬ ಉಪಸರ್ಗ ಸೇರಿದ ಹೃ ಧಾತುವಿನಿಂದ ಬಂದದ್ದು. ಮೇಲಕ್ಕೆತ್ತುವುದು ಎಂದೇ ಅದರ ಮೂಲಾರ್ಥ. ನೀರಿನಲ್ಲಿ ಮುಳುಗಿದ್ದನ್ನು ಮೇಲಕ್ಕೆತ್ತುವ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಪದ ಯಾವ ನುಡಿಯಲ್ಲಿದೆ? ರಿಪೇರಿ ಇಂಗ್ಲಿಷು, ದುರಸ್ತಿ ಪಾರಸಿ. ಅವೆರಡನ್ನೂ ಚರ್ಚೆಗೆ ತರಬೇಡಿ. ‘ಮುಳುಗಿದ ಕಾರುಗಳ ಜೀರ್ಣೋದ್ಧಾರ’ ಎಂದು ಬರೆಯಿಸಿ.

ಹೈಡ್ರೋಲಾಕ್‌ಗೆ ಜಲಸ್ತಂಭನ ಎನ್ನಬಹುದು.

ಹಿರಿಯೂರಿನಿಂದ:

ಚಿತ್ರದುರ್ಗದ ಮೇಷ್ಟ್ರು ಕಾರಿಗೆ ಕಳಶ ಇಡಲು ಹೊರಟಿದ್ದಾರೆ. ಇಂದು ಕನ್ನಡ ಓದುವ ಯಾರಿಗೇ ಆಗಲಿ ಜೀರ್ಣ ಎಂದರೆ ಹೊಟ್ಟೆಗೆ ಸಂಬಂಧಿಸಿದ್ದು. ಜಲಸ್ತಂಭನವಂತೂ ದುರ್ಯೋಧನನ ವಿದ್ಯೆ. ಶೆಡ್ಡಿನ ಹುಡುಗರು ಅದನ್ನು ಓದಿ ಕೊಳ ಹುಡುಕಿಕೊಂಡು ಹೋದಾರು. ಕನ್ನಡದಲ್ಲೇ ಹೇಳಲು ಬಂದಾಗ ಹೊರಗಿನ ಪದ ಬೇಡ ಎಂಬುದು ನನ್ನ ನಿಲುವು, ಆ ಹೊರಗು ಇಂಗ್ಲಿಷಾದರೂ ಸರಿ, ಸಂಸ್ಕೃತವಾದರೂ ಸರಿ. ‘ನೆರೆಕಾರುಗಳ ಮರುಹುಟ್ಟು’ ಎಂದರೆ ಸಾಕು. ಮರುಜೀವ ಎಂದು ಮಾತ್ರ ಬರೆಯಬೇಡಿ. ಕನ್ನಡದ ಮರು, ಸಂಸ್ಕೃತದ ಜೀವ, ನೇರವಾದ ಅರಿಸಮಾಸ. ಹೈಡ್ರೋಲಾಕ್‌ಗೆ ನೀರುಕಟ್ಟು. ಟ್ರ್ಯಾಕಿಗೂ ಪದವಿದೆ: ಕಂಬಳದ ಕೋಣಗಳು ಓಡುವ ಹಾದಿಗೆ ಕರಾವಳಿಯವರು ಕರೆ ಎನ್ನುತ್ತಾರೆ. ಕಾರು ಓಡುವ ಹಾದಿಗೂ ಅದೇ ಸಲ್ಲುತ್ತದೆ.

ಹರಿಹರದಿಂದ:

ನಾನು ವಿಮೆಗಾಗಿ ವಾಹನಗಳ ಹಾನಿಯನ್ನು ಅಳೆಯುವ ಕೆಲಸದಲ್ಲಿದ್ದು, ಇಂತಹ ಕಾರುಗಳನ್ನು ಬಾಗಿಲು ತೆರೆಯುವ ಮೊದಲೇ ವಾಸನೆಯಿಂದ ಗುರುತಿಸಬಲ್ಲೆನಾದ್ದರಿಂದ ಕೆಲವು ಮಾತು ಹೇಳುತ್ತೇನೆ.

ನೆರೆಕಾರು ಎಂದರೆ ನಮ್ಮ ಕಡೆ ಪಕ್ಕದ ಮನೆಯವರ ಕಾರು. 2019ರ ಆಗಸ್ಟಿನಲ್ಲಿ ತುಂಗಭದ್ರೆ ದಡ ಮೀರಿ ಬಂದಾಗ ನಾವು ‘ಹೊಳೆ ಬಂತು’ ಎಂದೆವು. ನೆರೆ ಎಂಬುದನ್ನು ಮರುದಿನದ ಪತ್ರಿಕೆಯಲ್ಲಿ ಓದಿದೆವು. (ಮರುದಿನದಲ್ಲಿರುವ ದಿನವೂ ಸಂಸ್ಕೃತವೇ. ಹಿರಿಯೂರಿನವರು ಅದನ್ನು ಬಿಟ್ಟು ಹೇಗೆ ದಿನ ಕಳೆಯುತ್ತಾರೋ ತಿಳಿಯದು.) ಬೇಸ್‌ಮೆಂಟಿನಲ್ಲಿ ನಿಂತ ಮಳೆನೀರಿಗೆ ಹೊಳೆಯೂ ಇಲ್ಲ, ದಡವೂ ಇಲ್ಲ. ‘ನೀರು ಹೊಕ್ಕ ಕಾರು’ ಎಂದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ.

ಜೀರ್ಣೋದ್ಧಾರದ ಬಗ್ಗೆ ನನ್ನ ತಕರಾರು ಹೊಟ್ಟೆಯದಲ್ಲ, ಅರ್ಥದ್ದು. ದೇಗುಲದ ಜೀರ್ಣೋದ್ಧಾರವಾದ ಮೇಲೆ ಅದು ಮತ್ತೆ ಅದೇ ದೇಗುಲವಾಗಿರುತ್ತದೆ. ಇಲ್ಲಿ ಹಾಗಲ್ಲ. ನೀರು ಕುಡಿದು ಕೊಳೆತ ಕಾರ್ಪೆಟ್ಟು, ಹಿಂದಿನ ಸೀಟು, ಬಾಗಿಲ ಒಳಹೊದಿಕೆಗಳನ್ನು ಮನೆಬಳಕೆಯ ಕಾರಿನಲ್ಲಾದರೆ ದುಡ್ಡು ಕೊಟ್ಟು ಹೊಸದಾಗಿ ಹಾಕಿಸಬೇಕು. ಟ್ರ್ಯಾಕಿಗೆ ಹೋಗುವ ಕಾರಿನಲ್ಲಿ ತೂಕ ಇಳಿಸಲೆಂದು ಅವನ್ನು ಹೇಗಿದ್ದರೂ ಕಿತ್ತು ಎಸೆಯುತ್ತಾರೆ. ಮುಳುಗಿದ ಕಾರು ಈ ಕೆಲಸಕ್ಕೆ ಅಗ್ಗವಾಗಿ ಒದಗುವುದು ಅದರಿಂದಲೇ. ಆಮೇಲೆ ಒಳಗೆ ಕಬ್ಬಿಣದ ಪಂಜರ ಬೆಸೆದು, ಒಂದೇ ಸೀಟು ಕೂರಿಸಿ, ನಾಲ್ಕು ಕಡೆ ಬಿಗಿಯುವ ಬೆಲ್ಟು ಹಾಕುತ್ತಾರೆ. ಹೋದದ್ದು ಒಂದು, ಬಂದದ್ದು ಇನ್ನೊಂದು. ಇದರಲ್ಲಿ ಉದ್ಧಾರವೂ ಇಲ್ಲ, ಮರುಹುಟ್ಟೂ ಇಲ್ಲ. ಒಂದು ಕೆಲಸಕ್ಕೆ ಆಗದೆ ಹೋದದ್ದನ್ನು ಬೇರೊಂದು ಕೆಲಸಕ್ಕೆ ಅಣಿಗೊಳಿಸುವುದು, ಅಷ್ಟೇ. ಗ್ಯಾರೇಜಿನವರು ‘ಗಾಡಿ ರೆಡಿ ಮಾಡುವುದು’ ಎನ್ನುವುದು ಇದನ್ನೇ.

ಇನ್ನೊಂದು ಕಾರಣಕ್ಕೂ ದೊಡ್ಡ ಪದ ಬೇಡವೆನ್ನುತ್ತೇನೆ. ದುರಸ್ತಿಯ ಖರ್ಚು ವಿಮಾಪತ್ರದಲ್ಲಿ ಘೋಷಿಸಿದ ಬೆಲೆಯ ಶೇ. 75 ಮೀರಿದರೆ ಕಾರು ಪೂರ್ಣನಷ್ಟ. ಅಂತಹ ಕಾರಿಗೆ ಬಣ್ಣ ಹೊಡೆಸಿ, ಹೊಸದೆಂಬಂತೆ ಮಾರುವವರು ಇದ್ದಾರೆ. ಬಣ್ಣದ ಕೆಳಗೆ ವೈರಿಂಗಿನ ಕೊಂಡಿಗಳಲ್ಲಿ ಹಸಿರು ಕಿಲುಬು ಕೂತಿರುತ್ತದೆ, ಏರ್‌ಬ್ಯಾಗಿನ ಪೆಟ್ಟಿಗೆಯನ್ನು ನಂಬುವಂತಿರುವುದಿಲ್ಲ. ‘ಜೀರ್ಣೋದ್ಧಾರಗೊಂಡ ಕಾರು’ ಎಂದು ಓದಿದ ಗಿರಾಕಿಗೆ ಇದಾವುದೂ ನೆನಪಿಗೆ ಬಾರದು. ಬೋರ್ಡಿನಲ್ಲಿ ನೀರು ಎಂಬ ಪದ ಎದ್ದು ಕಾಣಲಿ.

ನೀರುಕಟ್ಟು ಎಂದರೆ ದನಕ್ಕೆ ಮೂತ್ರ ಕಟ್ಟಿದ ನೆನಪಾಗುತ್ತದೆ. ‘ಇಂಜಿನ್ ನೀರು ಕುಡಿದಿದೆ’ ಎನ್ನುವ ಮಾತು ಎಲ್ಲ ಗ್ಯಾರೇಜುಗಳಲ್ಲಿದೆ, ಅದೇ ಸಾಕು.

ಹಿರಿಯೂರಿನಿಂದ:

ಮಾರಿಕಣಿವೆಯ ಕೆಳಗೆ ಬೆಳೆದವನಿಗೆ ನೀರಿನ ಪದಗಳನ್ನು ಕಲಿಸುವುದು ಬೇಡ. ಬೆಂಗಳೂರಿನಲ್ಲಿ ಕಾರುಗಳು ಮುಳುಗಿದ ಅದೇ ಸೆಪ್ಟೆಂಬರಿನಲ್ಲಿ ನಮ್ಮ ಅಣೆಕಟ್ಟು 1933ರ ನಂತರ ಮೊದಲ ಬಾರಿಗೆ ಕೋಡಿ ಬಿತ್ತು. ಕೋಡಿ ಬೀಳುವುದು ಬೇರೆ, ಹೊಳೆ ಬರುವುದು ಬೇರೆ, ನೆರೆ ಬೇರೆ; ತುಂಬು ಎಂಬ ಅರ್ಥದ ಹಳೆಯ ನೆಱೆಯಿಂದ ಬಂದ ಪದ ಬೇಸ್‌ಮೆಂಟು ತುಂಬಿದ್ದಕ್ಕೂ ಒಪ್ಪುತ್ತದೆ. ಅದಿರಲಿ, ರೆಡಿ, ಟ್ರ್ಯಾಕು, ಇಂಜಿನ್ನು ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ಬರೆದುಬಿಟ್ಟರೆ ನಾಮಫಲಕಗಳಿಗೆ 2024ರ ಕಾನೂನು ತಿದ್ದುಪಡಿ ಕೇಳುವ ಶೇ. 60 ಕನ್ನಡ ಬಂದಂತಾಯಿತೇ? ಅದು ಕನ್ನಡವಲ್ಲ, ಕನ್ನಡದ ಅಂಗಿ.

ಹರಿಹರದಿಂದ:

ಕಾರು ಎಂಬುದೂ ಅಂಗಿಯೇ. ಅದಕ್ಕೇನು ಪದ ಕೊಡುತ್ತೀರಿ?

ಹಿರಿಯೂರಿನಿಂದ:

ಕಾರು ಕನ್ನಡದಲ್ಲಿ ಮೊದಲಿನಿಂದಲೂ ಇದೆ. ಮುಂಗಾರು, ಹಿಂಗಾರು.

ಚಿತ್ರದುರ್ಗದಿಂದ:

ಅದು ಮಳೆಗಾಲ. ಈ ಕಾರಿನೊಳಗೆ ಮಳೆಗಾಲ ಹೊಕ್ಕದ್ದೇ ಚರ್ಚೆಗೆ ಕಾರಣ ಎಂಬುದನ್ನು ಬಿಟ್ಟರೆ ಎರಡಕ್ಕೂ ಯಾವ ನಂಟೂ ಇಲ್ಲ. ಕರೆ ಎಂಬ ಸಲಹೆಯನ್ನೂ ಕೈಬಿಡಿ: ಕಂಬಳದ ಕರೆಯಲ್ಲಿ ಕೆಸರು ನೀರು ನಿಂತಿರುತ್ತದೆ, ಅದರಿಂದ ಹೊರಗೆ ಬರಲೆಂದೇ ಈ ಕಾರು ಇಷ್ಟು ಪಾಡು ಪಡುತ್ತಿದೆ. ಅಣಿಗೊಳಿಸು ಎಂಬುದು ಅಚ್ಚಗನ್ನಡವೆಂದು ಒಪ್ಪುತ್ತೇನೆ. ಆದರೆ ಬೋರ್ಡ್ ಬರೆಯುವವರು ಕೈತಪ್ಪಿ ದೀರ್ಘ ಎಳೆದರೆ ಅದು ಕಾಲಿನ ಆಣಿಯಾಗುತ್ತದೆ. ಹವ್ಯಾಸ ಎಂಬುದಕ್ಕೆ ಮರಾಠಿಯಲ್ಲಿ ಅತಿಯಾಸೆ ಎಂಬ ಅರ್ಥವಿದೆಯೆಂಬುದನ್ನೂ, ಗುಜರಿ ಕಾರಿಗೆ ಹಣ ಸುರಿಯುವ ಸೋದರಳಿಯನಿಗೆ, ತಿಳಿಸಿ.

ದಾವಣಗೆರೆಯಿಂದ:

ಎಲ್ಲರಿಗೂ ಧನ್ಯವಾದಗಳು. ಬೋರ್ಡ್ ಬರೆಯುವವರು ಒಂದು ದಿನ ಮುಂಚೆಯೇ ಬಂದರು. ‘ನೀರು ಹೊಕ್ಕ ಕಾರುಗಳನ್ನು ಟ್ರ್ಯಾಕಿಗೆ ಅಣಿಗೊಳಿಸಲಾಗುವುದು’ ಎಂಬ ಸಾಲು ಆರು ಅಡಿಯಲ್ಲಿ ಹಿಡಿಯಲಿಲ್ಲವಾದ್ದರಿಂದ, ಕೊನೆಯ ಪದವನ್ನು ಮೊಟಕುಗೊಳಿಸಿ ‘ಅಣಿಗೊಳಿಸುತ್ತೇವೆ’ ಎಂದು ಬರೆಯಿಸಿದೆ. ದೀರ್ಘ ಬಿದ್ದಿಲ್ಲ, ನಾನೇ ಏಣಿಯ ಪಕ್ಕದಲ್ಲಿ ನಿಂತಿದ್ದೆ. ಹಾಳೆಯ ಮೇಲೆ ‘ಇಂಜಿನ್ ನೀರು ಕುಡಿದಿದೆ. ಪ್ಲಗ್ ಬಿಚ್ಚದೆ ಸೆಲ್ಫ್ ಹೊಡೆಯ ಬೇಡಿ’ ಎಂದು ಬರೆದು ಅಂಟಿಸಲಾಗಿದೆ. ಬ್ರೇಕ್ ಆಯಿಲ್ ತೇವ ಹೀರಿಕೊಳ್ಳುವುದರಿಂದ, ಬಿಸಿಯಾದಾಗ ಬೇಗ ಕುದಿದು ಪೆಡಲ್ ಮೆತ್ತಗಾಗುತ್ತದೆ, ಟ್ರ್ಯಾಕಿಗೆ ಹೋಗುವ ಮೊದಲು ಪೂರ್ತಿ ಬದಲಿಸಬೇಕು ಎಂಬ ಸೂಚನೆಯನ್ನೂ ಸೇರಿಸಬೇಕಿದೆ. ಬಟ್ಟೆ ತೇವ ಹೀರುವುದಕ್ಕೂ ಇದಕ್ಕೂ ವ್ಯತ್ಯಾಸ ತೋರುವ ಪದವಿದ್ದರೆ ತಿಳಿಸಿ. ಈ ಬಾರಿ ಅವಸರವಿಲ್ಲ.

ಚಿತ್ರದುರ್ಗದಿಂದ:

ಆರ್ದ್ರತಾಗ್ರಾಹಿ. ‘ಹೊಡೆಯಬೇಡಿ’ ಎಂಬುದನ್ನು ಕೂಡಿಸಿ ಬರೆಯಿಸಿ. ತಾವು ಬಿಡಿಸಿರುವ ರೀತಿಯಲ್ಲಿ ಅದು ಕೈಗೆ ತೊಡಿಸುವ ಬೇಡಿ.