ಸರ್ಪದೋಷ ಪರಿಹಾರಕ್ಕೆ 65,000 ರೂಪಾಯಿ ಕೇಳುತ್ತಿದ್ದಾರೆ, ಕೊಡಬೇಕೇ?

ಪ್ರಶ್ನೆ (ದಾವಣಗೆರೆ)

ನನ್ನ ಅಕ್ಕನಿಗೆ ಮದುವೆಯಾಗಿ ಆರು ವರ್ಷಗಳಾದರೂ ಮಕ್ಕಳಾಗಿಲ್ಲ. ಕಳೆದ ತಿಂಗಳು ನಮ್ಮ ತಾಯಿ ಅವಳ ಜಾತಕವನ್ನು ಒಬ್ಬ ಜ್ಯೋತಿಷಿಗಳಿಗೆ ತೋರಿಸಿದರು. ಅವರು ಕುಂಡಲಿಯಲ್ಲಿ ರಾಹುವಿನಿಂದ ಕೇತುವಿಗೆ ಕೆಂಪು ಶಾಯಿಯ ಗೆರೆ ಎಳೆದು, ಏಳು ಗ್ರಹಗಳೂ ಗೆರೆಯ ಒಂದೇ ಬದಿಗೆ ಬಿದ್ದಿರುವುದರಿಂದ ಇದು ಕಾಳಸರ್ಪ ದೋಷವೆಂದೂ, ಪರಿಹಾರ ಮಾಡಿಸದೆ ಸಂತಾನವಿಲ್ಲವೆಂದೂ ಹೇಳಿದರು. ಕುಕ್ಕೆಯಲ್ಲಿ ಸರ್ಪಸಂಸ್ಕಾರ, ಮನೆಯಲ್ಲಿ ಹೋಮ, ಬೆಳ್ಳಿಯ ನಾಗಪ್ರತಿಮೆ, ಮಂತ್ರಿಸಿದ ಕವಚ ಎಲ್ಲವನ್ನೂ ತಾವೇ ಮಾಡಿಸಿಕೊಡುವುದಾಗಿ ಹೇಳಿ, ಒಟ್ಟು 65,000 ರೂಪಾಯಿ ಕೇಳಿ, 15,000 ರೂಪಾಯಿ ಮುಂಗಡವನ್ನೂ ಪಡೆದಿದ್ದಾರೆ. ರಸೀದಿ ಕೊಟ್ಟಿಲ್ಲ. ಉಳಿದ ಹಣವನ್ನು ಅಮಾವಾಸ್ಯೆಯೊಳಗೆ ತಲುಪಿಸಬೇಕಂತೆ.

ದಂಪತಿ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ವೈದ್ಯರು ಎರಡು ವರ್ಷಗಳ ಹಿಂದೆಯೇ ಹೇಳಿದ್ದರು. ಭಾವನವರ ಪರೀಕ್ಷೆ ಇನ್ನೂ ಆಗಿಲ್ಲ. ದೋಷದ ಮಾತು ಬಂದ ಮೇಲೆ ಅದರ ಪ್ರಸ್ತಾಪವೇ ನಿಂತುಹೋಗಿದೆ. ಅಕ್ಕ ಎಲ್ಲವೂ ತನ್ನದೇ ತಪ್ಪೆಂಬಂತೆ ಮಂಕಾಗಿ ಕುಳಿತಿರುತ್ತಾಳೆ. ನಾವೆಲ್ಲ ದೈವಭಕ್ತರು, ನಾಗರ ಪಂಚಮಿಗೆ ತಪ್ಪದೆ ಹಾಲೆರೆಯುವವರು. ಬೇಡವೆಂದರೆ ದೇವರಿಗೆ ಅಪಚಾರವಾದೀತೇ ಎಂದು ತಾಯಿ ಹೆದರಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ (ಮೈಸೂರು)

ನಾನು ಜ್ಯೋತಿಷವನ್ನು ಗುರುಮುಖದಿಂದ ಕಲಿತವನು, ಅದನ್ನು ಗೌರವಿಸುವವನು. ಆದ್ದರಿಂದಲೇ ಇದನ್ನು ಓದಿ ಸಂಕಟವಾಯಿತು. ಜ್ಯೋತಿಷದ ಪ್ರಾಚೀನ ಗ್ರಂಥವಾದ ವರಾಹಮಿಹಿರನ ಬೃಹಜ್ಜಾತಕದಲ್ಲಿ ಕಾಳಸರ್ಪ ಯೋಗವೆಂಬುದೇ ಇಲ್ಲ. ಅಲ್ಲಿ ಗ್ರಹಗಳ ಹಂಚಿಕೆಯಿಂದ ಗುರುತಿಸುವ ನಾಭಸ ಯೋಗಗಳ ನಡುವೆ ಬರುವ ಸರ್ಪ ಯೋಗವು, ಶನಿ, ಕುಜರಂಥ ಪಾಪಗ್ರಹಗಳು ಕೇಂದ್ರದಲ್ಲಿ, ಅಂದರೆ ಕುಂಡಲಿಯ 1, 4, 7, 10ನೇ ಮನೆಗಳಲ್ಲಿ, ಇರುವುದಕ್ಕೆ ಸಂಬಂಧಿಸಿದ್ದು. ಅದಕ್ಕೂ ಆ ಕೆಂಪು ಗೆರೆಗೂ ಸಂಬಂಧವಿಲ್ಲ.

ಲೆಕ್ಕ ಹಾಕಿಯಾದರೂ ನೋಡಿ. ಚಂದ್ರನು ರಾಶಿಚಕ್ರವನ್ನು ಸುಮಾರು 27 ದಿನಗಳಲ್ಲಿ ಸುತ್ತುತ್ತಾನೆ. ಉಳಿದ ಆರು ಗ್ರಹಗಳು ರಾಹು-ಕೇತುಗಳ ಒಂದೇ ಬದಿಯಲ್ಲಿರುವ ಕಾಲದಲ್ಲಿ, ಅವನೂ ಪ್ರತಿ ಸುತ್ತಿನಲ್ಲಿ 13-14 ದಿನ ಅದೇ ಬದಿಯಲ್ಲಿರುತ್ತಾನೆ. ಆ ದಿನಗಳಲ್ಲಿ ಭೂಮಿಯ ಮೇಲೆ ಎಲ್ಲೇ ಹುಟ್ಟಿದ ಮಗುವಿನ ಜಾತಕದಲ್ಲೂ ಇದೇ ಗೆರೆಯನ್ನು ಎಳೆಯಬಹುದು. ನಿಮ್ಮ ಅಕ್ಕನ ಜೊತೆ ಹುಟ್ಟಿದ ಆ ಲಕ್ಷಾಂತರ ಜನರಿಗೆಲ್ಲ ಮಕ್ಕಳಾಗಿಲ್ಲವೇ?

ಇನ್ನೊಂದು ಮಾತು. ಸಂತಾನದ ವಿಚಾರದಲ್ಲಿ ಗಂಡನ ಜಾತಕದಿಂದ ಬೀಜಸ್ಫುಟವನ್ನೂ ಹೆಂಡತಿಯ ಜಾತಕದಿಂದ ಕ್ಷೇತ್ರಸ್ಫುಟವನ್ನೂ (ಇಬ್ಬರ ಸಂತಾನಶಕ್ತಿಯನ್ನು ಅಳೆಯುವ ಲೆಕ್ಕಗಳು) ನೋಡುವುದು ನಮ್ಮ ಪದ್ಧತಿ. ಭಾವನವರ ಜಾತಕವನ್ನು ಕೇಳದೆಯೇ ದೋಷವನ್ನು ನಿಮ್ಮ ಅಕ್ಕನ ತಲೆಗೆ ಕಟ್ಟಿದವರು ಶಾಸ್ತ್ರದ ಮೊದಲ ಮೆಟ್ಟಿಲನ್ನೇ ಹತ್ತಿಲ್ಲ.

ಉತ್ತರ (ಪುತ್ತೂರು)

ನಮ್ಮ ತುಳುನಾಡಿನಲ್ಲಿ ನಾಗ ಒಬ್ಬೊಬ್ಬರ ಜಾತಕಕ್ಕೆ ಸೇರಿದವನಲ್ಲ, ಇಡೀ ಕುಟುಂಬಕ್ಕೆ ಸೇರಿದವನು. ಕುಟುಂಬದ ಮೂಲಸ್ಥಾನದಲ್ಲಿರುವ ನಾಗನ ಬನದಲ್ಲಿ ವರ್ಷಕ್ಕೊಮ್ಮೆ ಎಲ್ಲರೂ ಕೂಡಿ ತಂಬಿಲವೆಂಬ ಪೂಜೆ ಮಾಡುತ್ತೇವೆ. ಅದಕ್ಕೆ ಬೇಕಾಗುವುದು ಹಾಲು, ಸೀಯಾಳ, ಅರಸಿನ ಹುಡಿ, ಒಂದು ಹಿಂಗಾರ (ಅಡಿಕೆಯ ಹೂಗೊಂಚಲು). ನನ್ನ ಅಜ್ಜಿ ಬನದಲ್ಲಿ ತಾನಾಗಿ ಉದುರಿದ ಒಣ ಕಡ್ಡಿಯನ್ನೂ ಒಲೆಗೆ ತರಲು ಬಿಡುತ್ತಿರಲಿಲ್ಲ. ರೆಂಜೆ, ಸುರಹೊನ್ನೆ, ಬೆತ್ತದ ಬಳ್ಳಿಗಳ ನಡುವೆ ಮಧ್ಯಾಹ್ನವೂ ನಸುಗತ್ತಲಿರುತ್ತಿತ್ತು. ಹತ್ತು ವರ್ಷಗಳ ಹಿಂದೆ, ಬನದ ಜೀರ್ಣೋದ್ಧಾರವಾಗದಿದ್ದರೆ ಕುಟುಂಬಕ್ಕೆ ಕಂಟಕವೆಂದು ಒಬ್ಬರು ಹೆದರಿಸಿದಾಗ, ನಾವು ಸಾಲ ಮಾಡಿ ಆ ಮರಗಳನ್ನು ಕಡಿಸಿ, ಕಾಂಕ್ರೀಟ್ ಕಟ್ಟೆ ಕಟ್ಟಿಸಿ, ಗ್ರಾನೈಟ್ ಹಾಸಿದೆವು. ಕರಾವಳಿಯ ಎಷ್ಟೋ ಬನಗಳಿಗೆ ಇದೇ ಗತಿಯಾಗಿದೆ. ಈಗ ಬಿಸಿಲಿಗೆ ಕಾದ ಆ ಕಲ್ಲಿನ ಮೇಲೆ ಬರಿಗಾಲಿನಲ್ಲಿ ನಿಲ್ಲಲೂ ಆಗುವುದಿಲ್ಲ. ಹೆದರಿಕೆಗೆ ದುಡ್ಡು ಕೊಟ್ಟು ನಾವು ನಾಗನ ಮನೆಯನ್ನೇ ಕೆಡಿಸಿದೆವೆಂಬ ನೋವು ನನ್ನಲ್ಲಿ ಇಂದಿಗೂ ಇದೆ.

ಕುಕ್ಕೆಗೆ ಹೋಗಬೇಕೆನಿಸಿದರೆ ಖಂಡಿತ ಹೋಗಿ. ಅದು ಮುಜರಾಯಿ ಇಲಾಖೆಯ ದೇವಸ್ಥಾನ. ಸೇವೆಗಳ ದರವನ್ನು ದೇವಸ್ಥಾನವೇ ಪ್ರಕಟಿಸುತ್ತದೆ, ಹಣ ಕಟ್ಟಿದರೆ ರಸೀದಿ ಕೊಡುತ್ತದೆ. ಸರ್ಪಸಂಸ್ಕಾರ ಎರಡು ದಿನಗಳ ವಿಧಿ. ನೇರವಾಗಿ ದೇವಸ್ಥಾನದಲ್ಲೇ ಕಾದಿರಿಸಬಹುದಾದ್ದರಿಂದ ಅದಕ್ಕೆ ಮಧ್ಯವರ್ತಿಯ ಅಗತ್ಯವಿಲ್ಲ. ಆದರೆ ಪರೀಕ್ಷೆಯನ್ನು ಅದಕ್ಕಾಗಿ ಮುಂದೂಡಬೇಡಿ.

ಉತ್ತರ (ಹುಬ್ಬಳ್ಳಿ, ವಕೀಲ ವೃತ್ತಿ)

ಕಾನೂನಿನ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. 2020ರ ಜನವರಿಯಲ್ಲಿ ಜಾರಿಗೆ ಬಂದ ನಮ್ಮ ರಾಜ್ಯದ ವಾಮಾಚಾರ ತಡೆ ಕಾಯ್ದೆ ಜ್ಯೋತಿಷಿಗಳ ಸಲಹೆಯನ್ನು ಅಪರಾಧವೆಂದು ಪರಿಗಣಿಸುವುದಿಲ್ಲ. ಆ ದಾರಿ ನಿಮಗಿಲ್ಲ. ಆದರೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಲ್ಲಿ ತಾಯಿತ, ಮಂತ್ರ, ಕವಚಗಳ ಹೆಸರೇ ಇದೆ, ಅದರ ಅನುಸೂಚಿಯಲ್ಲಿ ಸ್ತ್ರೀಯರ ಬಂಜೆತನವೂ ಇದೆ. ಅಂಥ ಕವಚದಿಂದ ಮಕ್ಕಳಾಗುತ್ತವೆಂದು ಅವರು ಕರಪತ್ರದಲ್ಲೋ ಟಿವಿಯಲ್ಲೋ ಜಾಹೀರಾತು ಕೊಟ್ಟಿದ್ದರೆ ಆ ಜಾಹೀರಾತೇ ಅಪರಾಧ. ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು, ಅತಿಮಾನುಷ ಶಕ್ತಿಯಿದೆಯೆಂದು ತಾಯಿತದಂಥ ಮಂತ್ರಿಸಿದ ಯಂತ್ರಗಳನ್ನು ಮಾರುವ ಟಿವಿ ಜಾಹೀರಾತುಗಳು ಕಾನೂನುಬಾಹಿರವೆಂದು 2021ರ ಜನವರಿಯಲ್ಲಿ ತೀರ್ಪಿತ್ತಿದೆ. ಮುಂಗಡವನ್ನು ಫೋನ್ ಮೂಲಕ ಕಳುಹಿಸಿದ್ದರೆ ಆ ದಾಖಲೆಯನ್ನು ಅಳಿಸಬೇಡಿ; ಹಣ ಹಿಂದಿರುಗಿಸುವಂತೆ ಲಿಖಿತವಾಗಿ ಕೇಳಿ.

ಪ್ರಶ್ನೆ ಕೇಳಿದವರಿಂದ (ದಾವಣಗೆರೆ)

ಎಲ್ಲರಿಗೂ ಕೃತಜ್ಞತೆಗಳು. ಪುತ್ತೂರಿನವರ ಉತ್ತರವನ್ನು ತಾಯಿಗೆ ಓದಿ ಹೇಳಿದೆ; ದೋಷ ಒಬ್ಬಳ ತಲೆಯ ಮೇಲಿಲ್ಲವೆಂಬ ಮಾತನ್ನು ಅವರು ಎರಡು ಬಾರಿ ಓದಿಸಿಕೊಂಡರು. ಉಳಿದ ಹಣ ಕೊಡುವುದಿಲ್ಲವೆಂದು ಪತ್ರ ಬರೆದು, ಮುಂಗಡವನ್ನು ವಾಪಸು ಕೇಳಿದ್ದೇವೆ. ಭಾವನವರು ಸೋಮವಾರ ಆಸ್ಪತ್ರೆಗೆ ಬರಲು ಒಪ್ಪಿದ್ದಾರೆ, ಅಕ್ಕನೂ ಜೊತೆಗೆ ಹೋಗುತ್ತಾಳೆ.